ಗೂಡಿನ ಬೆಲೆ, ಕಾರಿನ ಬೆಲೆ

(ಶಾಲೆಯ ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ)



ನಾನು 2002ರ ಎಸ್ಸೆಸ್ಸೆಲ್ಸಿ ಬ್ಯಾಚಿನವನು. ಆಮೇಲೆ ಪಿಯುಸಿ, ಬಿ.ಇ. ಮುಗಿಸಿ 2008ರಿಂದ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ಸಮಿತಿಯವರು ಫೋನ್ ಮಾಡಿ, "ಮಕ್ಕಳಿಗೆ ಉಪಯೋಗವಾಗುವ ಹಾಗೆ ಕಂಪ್ಯೂಟರ್ ಬಗ್ಗೆ ಎರಡು ಮಾತು ಆಡಪ್ಪ" ಅಂದರು. ಕಂಪ್ಯೂಟರ್ ವಿಷಯ ಈಗಿನ ಮಕ್ಕಳಿಗೆ ನನಗಿಂತ ಚೆನ್ನಾಗಿ ಗೊತ್ತು. ಹಾಗಾಗಿ ಅವರ ಒಪ್ಪಿಗೆ ಪಡೆದು ಬೇರೆ ವಿಷಯ ಆರಿಸಿಕೊಂಡಿದ್ದೇನೆ. ದೂರದ ಒಂದು ದೇಶದಲ್ಲಿ ಕಾರು ಮಾಡುವ ಉದ್ಯಮ ಮುಚ್ಚಿದ ಕತೆ ಇದು. ನಮ್ಮೂರಿಗೂ ಕಾರಿಗೂ ಏನು ಸಂಬಂಧ ಅಂತ ಕೇಳಬೇಡಿ. ಸಂಬಂಧ ಇದೆ, ಕೊನೆಗೆ ಬರುತ್ತೇನೆ.

ಮೊದಲು ಒಂದು ನೆನಪು. ನಾನು ಹತ್ತನೇ ತರಗತಿಯಲ್ಲಿದ್ದಾಗ ನಮ್ಮ ಸಮಾಜ ವಿಜ್ಞಾನದ ಮೇಷ್ಟ್ರು ಒಂದು ಚರ್ಚಾ ಸ್ಪರ್ಧೆ ಇಟ್ಟಿದ್ದರು. ವಿಷಯ, "ಜಾಗತೀಕರಣ ವರವೇ, ಶಾಪವೇ?" ಆ ಕಾಲದಲ್ಲಿ ಎಲ್ಲ ಶಾಲೆಯಲ್ಲೂ ಅದೇ ವಿಷಯ. ನಾನು ವರ ಅಂತ ಮಾತಾಡಿದೆ. ಪೇಪರಿನಲ್ಲಿ ಓದಿದ್ದನ್ನು ಗಿಣಿಪಾಠ ಒಪ್ಪಿಸಿದೆ. ಎರಡನೇ ಬಹುಮಾನ ಬಂತು, ಒಂದು ಸ್ಟೀಲ್ ತಟ್ಟೆ. ಅದರಲ್ಲಿ ನಮ್ಮವ್ವ ಈಗಲೂ ಮುದ್ದೆ ಕಟ್ಟುತ್ತಾರೆ. ಮೊದಲನೇ ಬಹುಮಾನ ಶಾಪ ಅಂತ ಮಾತಾಡಿದ ರೀಲರ್ ಮನೆಯ ಹುಡುಗಿಗೆ ಹೋಯಿತು. ಚೀನಾದ ರೇಷ್ಮೆ ಬಂದ ವಾರ ಅವರ ಮನೆಯ ಒಲೆಯ ಮೇಲೆ ಏನು ಬೇಯುತ್ತದೆ, ಏನು ಬೇಯುವುದಿಲ್ಲ ಅಂತ ಹೇಳಿದ್ದಳು. ಪೇಪರ್ ಓದಿ ಹೇಳಿದ ಮಾತಲ್ಲ ಅದು. ಅವರು ಇವತ್ತು ಇಲ್ಲೇ ಕೂತಿದ್ದಾರೆ. ಹೆಸರು ಹೇಳಿದರೆ ಮುಜುಗರಪಟ್ಟುಕೊಳ್ಳುತ್ತಾರೆ. ಅವರಿಗೆ ಅವತ್ತು ನಾನು ಸರಿಯಾದ ಉತ್ತರ ಕೊಡಲಿಲ್ಲ. ಇಪ್ಪತ್ತು ವರ್ಷದ ಮೇಲೆ ಆ ಉತ್ತರ ಕೊಡುವ ಪ್ರಯತ್ನ ಇದು ಅಂದುಕೊಳ್ಳಿ.

2016ರಲ್ಲಿ ನಮ್ಮ ಕಂಪನಿ ನನ್ನನ್ನು ಆಸ್ಟ್ರೇಲಿಯಾದ ಮೆಲ್ಬರ್ನ್ ನಗರಕ್ಕೆ ಕಳಿಸಿತು. ಹೊರಡುವಾಗ ಎಲ್ಲರಿಗೂ "ಪ್ರಾಜೆಕ್ಟ್" ಅಂತ ಹೇಳಿದ್ದೆ. ಪ್ರಾಜೆಕ್ಟ್ ಏನು ಅಂತ ಅಲ್ಲಿಗೆ ಹೋದ ಮೇಲೆ ಅರ್ಥವಾಯಿತು. ಕಾರಿನ ಕಂಪನಿಗಳಿಗೆ ಬಿಡಿಭಾಗ ಮಾಡಿಕೊಡುವ ಒಂದು ಕಾರ್ಖಾನೆ ಇತ್ತು. ಅದು ಮುಂದಿನ ವರ್ಷ ಮುಚ್ಚಲಿತ್ತು. ಅದರ ದಾಸ್ತಾನು, ಖರೀದಿ, ಅಚ್ಚುಗಳ ಲೆಕ್ಕ, ಎಲ್ಲವನ್ನೂ ಆ ಕಂಪ್ಯೂಟರಿನಿಂದ ತೆಗೆದು ಥಾಯ್ಲೆಂಡಿನಲ್ಲಿರುವ ಅದೇ ಕಂಪನಿಯ ಇನ್ನೊಂದು ಘಟಕಕ್ಕೆ ಸಾಗಿಸಬೇಕಿತ್ತು. ಒಂದು ಮನೆ ಖಾಲಿ ಮಾಡುವಾಗ ಸಾಮಾನಿನ ಪಟ್ಟಿ ಬರೆಯುವವನ ಕೆಲಸ ನನ್ನದು. ನನಗೆ ಸಂಬಳ ಬರುತ್ತಿದ್ದದ್ದು ಅದಕ್ಕೆ.

ಆ ದೇಶಕ್ಕೆ ಕಾರು ಬರೀ ಓಡಾಡುವ ಗಾಡಿ ಆಗಿರಲಿಲ್ಲ. ಎರಡನೇ ಮಹಾಯುದ್ಧದಲ್ಲಿ ಜಪಾನಿನ ಸೇನೆ ಹತ್ತಿರ ಬಂದಾಗ ಅವರಿಗೆ ಒಂದು ಭಯ ಹುಟ್ಟಿತು. ಕುರಿ ಸಾಕಿ, ಗೋಧಿ ಬೆಳೆದು, ಅದಿರು ಅಗೆದು ಮಾರಿದರೆ ಸಾಲದು, ಯಂತ್ರ ಮಾಡುವ ಕೈಗಳೂ ದೇಶದೊಳಗೆ ಇರಬೇಕು ಅನ್ನುವುದು ಆಗ ಮೂಡಿದ ವಿಚಾರ. ಯುದ್ಧ ಮುಗಿದ ಮೇಲೆ 1948ರ ನವೆಂಬರ್ 29ರಂದು ಪ್ರಧಾನಿ ಬೆನ್ ಚಿಫ್ಲಿ ಅವರೇ ಮೆಲ್ಬರ್ನಿನಲ್ಲಿ ಮೊದಲ ಹೋಲ್ಡನ್ ಕಾರನ್ನು ಬಿಡುಗಡೆ ಮಾಡಿದರು. ಕಂಪನಿ ಅಮೆರಿಕದ ಜನರಲ್ ಮೋಟರ್ಸಿನದು. ಆದರೂ ಜನ ಅದನ್ನು ನಮ್ಮದು ಅಂದುಕೊಂಡರು. ಹತ್ತು ವರ್ಷದಲ್ಲಿ ಅಲ್ಲಿ ಮಾರಾಟವಾಗುತ್ತಿದ್ದ ಹತ್ತು ಕಾರಿನಲ್ಲಿ ನಾಲ್ಕಕ್ಕೂ ಹೆಚ್ಚು ಹೋಲ್ಡನ್ ಆಗಿದ್ದವು. ಫೋರ್ಡ್ ಅದಕ್ಕೂ ಮೊದಲೇ, 1925ರಿಂದಲೇ ಗೀಲಾಂಗ್ ಎಂಬ ಊರಲ್ಲಿತ್ತು. ಆಮೇಲೆ ಕ್ರೈಸ್ಲರ್, ಟೊಯೋಟ, ನಿಸಾನ್ ಬಂದವು. ಕ್ರೈಸ್ಲರಿನ ಕಾರ್ಖಾನೆಯನ್ನು 1980ರಲ್ಲಿ ಮಿತ್ಸುಬಿಷಿ ಕೊಂಡಿತು.

ಈ ಕಾರ್ಖಾನೆಗಳಲ್ಲಿ ದುಡಿದವರಲ್ಲಿ ಬಹಳ ಜನ ವಲಸೆ ಬಂದವರು. ಇಟಲಿ, ಗ್ರೀಸ್, ಟರ್ಕಿ, ಯುಗೋಸ್ಲಾವಿಯ, ಆಮೇಲೆ ವಿಯೆಟ್ನಾಂ. ಇಂಗ್ಲಿಷ್ ಬಾರದಿದ್ದರೂ ಅಲ್ಲಿ ಕೆಲಸ ಸಿಗುತ್ತಿತ್ತು. ಆ ಸಂಬಳದಲ್ಲಿ ಮನೆ ಕಟ್ಟಿದರು, ಮಕ್ಕಳನ್ನು ಓದಿಸಿದರು. ನಮ್ಮ ಕಡೆಯವರು ಬಿಡದಿ, ಪೀಣ್ಯಕ್ಕೆ ಹೋಗಿ ನೆಲೆ ಕಂಡುಕೊಂಡ ಹಾಗೆಯೇ.

ಇದೆಲ್ಲ ನಡೆದದ್ದು ಎತ್ತರದ ಸುಂಕದ ಗೋಡೆಯ ಒಳಗೆ. ಸುಂಕ ಅಂದರೆ ಹೊರದೇಶದ ಮಾಲಿಗೆ ಬಂದರಿನಲ್ಲೇ ಹಾಕುವ ತೆರಿಗೆ. 1980ರ ದಶಕದ ಹೊತ್ತಿಗೆ ಕಾರಿನ ಮೇಲೆ ಶೇ. 57.5 ಸುಂಕ ಇತ್ತು. ಹೊರಗಿನಿಂದ ನೂರು ಡಾಲರಿಗೆ ಬರುವ ಮಾಲು ಬಂದರು ದಾಟುವಷ್ಟರಲ್ಲಿ 157 ಡಾಲರ್ 50 ಸೆಂಟ್ಸ್. ಅದರ ಮೇಲೆ ಇಷ್ಟೇ ಕಾರು ಬರಬೇಕು ಅನ್ನುವ ಮಿತಿ ಬೇರೆ. ಮಾರುಕಟ್ಟೆಯ ಐದರಲ್ಲಿ ನಾಲ್ಕು ಪಾಲು ಒಳಗಿನವರಿಗೇ ಮೀಸಲು.

ಇಂಥ ಗೋಡೆಯೊಳಗೆ ಏನಾಗುತ್ತದೆ? ಕೆಲಸ ಉಳಿಯುತ್ತದೆ, ನಿಜ. ಆದರೆ ಒಂದೂವರೆ ಕೋಟಿಯಷ್ಟು ಜನ ಇದ್ದ ದೇಶದಲ್ಲಿ ಐದು ಕಂಪನಿಗಳು ಹದಿಮೂರು ಮಾದರಿ ಕಾರು ಮಾಡುತ್ತಿದ್ದವು. ಒಂದೊಂದರದೂ ಸ್ವಲ್ಪ ಸ್ವಲ್ಪ. ಒಂದು ಅಚ್ಚಿಗೆ ಹಾಕಿದ ಬಂಡವಾಳ ಮೂರು ಲಕ್ಷ ಕಾರಿಗೆ ಹಂಚಿಹೋಗುವುದು ಬೇರೆ, ಮೂವತ್ತು ಸಾವಿರ ಕಾರಿಗೆ ಹಂಚಿಹೋಗುವುದು ಬೇರೆ. ಮದುವೆ ಮನೆಯ ಅಡುಗೆಗೂ ನಾಲ್ಕು ಜನದ ಅಡುಗೆಗೂ ಇರುವ ವ್ಯತ್ಯಾಸ ನಮ್ಮ ತಾಯಂದಿರಿಗೆ ಗೊತ್ತು. ಹಾಗಾಗಿ ಕಾರು ದುಬಾರಿ. ಆ ಹೆಚ್ಚಿನ ಬೆಲೆ ಕೊಡುತ್ತಿದ್ದವರು ಯಾರು? ಅದೇ ದೇಶದ ರೈತ, ಮೇಷ್ಟ್ರು, ನರ್ಸು. ಸರ್ಕಾರದ ಬಜೆಟ್ಟಿನಲ್ಲಿ ಅದು ಕಾಣಿಸುತ್ತಿರಲಿಲ್ಲ, ಅವರ ಜೇಬಿನಿಂದ ಹೋಗುತ್ತಿತ್ತು.

1985ರಿಂದ ಹಾಕ್ ಸರ್ಕಾರದ ಕೈಗಾರಿಕಾ ಮಂತ್ರಿ ಜಾನ್ ಬಟನ್ ಒಂದು ಯೋಜನೆ ಜಾರಿಗೆ ತಂದರು. ಜನ ಅದನ್ನು "ಬಟನ್ ಯೋಜನೆ" ಅಂತಲೇ ಕರೆಯುತ್ತಾರೆ. ಹದಿಮೂರು ಮಾದರಿ ಆರಕ್ಕೆ ಇಳಿಯಬೇಕು, ಐದು ತಯಾರಕರು ಮೂರಾಗಬೇಕು, ಗೋಡೆಯನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಸುತ್ತೇವೆ, ಅಷ್ಟರಲ್ಲಿ ಗಟ್ಟಿಯಾಗಿ ಅನ್ನುವುದು ಅದರ ಸಾರ. ಒಳ್ಳೆಯ ಯೋಜನೆಯೇ. ಗಮನಿಸಿ, ಇದನ್ನು ಮಾಡಿದ್ದು ಕಾರ್ಮಿಕರ ಪಕ್ಷವಾದ ಲೇಬರ್ ಪಕ್ಷದ ಸರ್ಕಾರ. ಆದರೆ ಮಾದರಿ ಕಡಿಮೆ ಮಾಡಿ ಅಂದಾಗ ಕಂಪನಿಗಳು ಒಂದು ಉಪಾಯ ಮಾಡಿದವು. ಒಂದೇ ಕಾರಿಗೆ ಎರಡು ಹೆಸರು ಅಂಟಿಸಿದವು. ಟೊಯೋಟದ ಕ್ಯಾಮ್ರಿಗೆ ಹೋಲ್ಡನ್ ಅಪೊಲೊ ಅಂತ ಹೆಸರಿಟ್ಟು ಮಾರಿದರು. ಹೋಲ್ಡನ್ ಕಮೊಡೋರಿಗೆ ಟೊಯೋಟ ಲೆಕ್ಸೆನ್ ಅಂತ ಹೆಸರಿಟ್ಟರು. ಗಿರಾಕಿ ದಡ್ಡನಲ್ಲ, ಆ ಆಟ ಬಹಳ ದಿನ ನಡೆಯಲಿಲ್ಲ.

ಸುಂಕ ಇಳಿಯುತ್ತಲೇ ಹೋಯಿತು. 2000ಕ್ಕೆ ಶೇ. 15, 2005ಕ್ಕೆ ಶೇ. 10, 2010ಕ್ಕೆ ಶೇ. 5. ನಿಸಾನ್ 1992ರಲ್ಲೇ ಬಾಗಿಲು ಹಾಕಿತು. ಮಿತ್ಸುಬಿಷಿ 2008ರಲ್ಲಿ ಅಡಿಲೇಡಿನ ಕಾರ್ಖಾನೆ ಮುಚ್ಚಿತು. ಆದರೆ ಬರೀ ಸುಂಕ ಇಳಿದದ್ದರಿಂದಲೇ ಉದ್ಯಮ ಸತ್ತಿತು ಅಂದರೆ ಅರ್ಧ ಸತ್ಯ. ಯಾಕೆಂದರೆ ಸುಂಕ ಇಳಿಯುತ್ತಿದ್ದ 2004ರಲ್ಲೇ ಅಲ್ಲಿ 4 ಲಕ್ಷಕ್ಕೂ ಹೆಚ್ಚು ಕಾರು ತಯಾರಾದವು. ಮೆಲ್ಬರ್ನಿನಲ್ಲಿ ಮಾಡಿದ ಕ್ಯಾಮ್ರಿ ಸೌದಿ, ಕೊಲ್ಲಿ ದೇಶಗಳಲ್ಲಿ ಓಡಾಡುತ್ತಿತ್ತು. ಗೋಡೆ ಇಳಿದಾಗ ಹೊರಗೆ ಹಾರಲು ಕಲಿತವರೂ ಇದ್ದರು.

ಪೆಟ್ಟು ಕೊಟ್ಟದ್ದು ಇನ್ನೊಂದು. 2001ರಲ್ಲಿ ಒಂದು ಆಸ್ಟ್ರೇಲಿಯನ್ ಡಾಲರಿಗೆ ಅಮೆರಿಕದ 50 ಸೆಂಟ್ಸೂ ಸಿಗುತ್ತಿರಲಿಲ್ಲ. 2011ರಲ್ಲಿ ಅದು ಒಂದು ಡಾಲರ್ 10 ಸೆಂಟ್ಸ್ ದಾಟಿತು. ಕಾರಣ, ಚೀನಾ ಅವರ ಕಬ್ಬಿಣದ ಅದಿರನ್ನು ಮುಗಿಬಿದ್ದು ಕೊಂಡದ್ದು. ನಮ್ಮ ಬಳ್ಳಾರಿಯಲ್ಲಿ ಕೆಂಪು ಧೂಳೆಬ್ಬಿಸಿದ ಅದೇ ಬೇಡಿಕೆ. ಅಗೆದು ಮಾರುವವನ ಭಾಗ್ಯ ಮಾಡಿ ಮಾರುವವನ ದೌರ್ಭಾಗ್ಯವಾಯಿತು. ಕಾರ್ಖಾನೆಯವನು ಏನೂ ತಪ್ಪು ಮಾಡದೆ, ಅವನ ಕಾರು ಹೊರಗಿನವರಿಗೆ ಹತ್ತು ವರ್ಷದಲ್ಲಿ ಎರಡು ಪಟ್ಟು ದುಬಾರಿಯಾಗಿ ಕಾಣಿಸಿತು. ಹೊರಗಿನ ಕಾರು ಒಳಗೆ ಅಗ್ಗವಾಯಿತು.

ಇನ್ನೊಂದು, ಒಪ್ಪಂದ. 2005ರಲ್ಲಿ ಥಾಯ್ಲೆಂಡಿನ ಜೊತೆ ಮುಕ್ತ ವ್ಯಾಪಾರ ಒಪ್ಪಂದ ಜಾರಿಗೆ ಬಂತು. ಥಾಯ್ಲೆಂಡಿನ ಪಿಕಪ್ ಗಾಡಿಗಳು ಸುಂಕವಿಲ್ಲದೆ ಧಾರಾಳವಾಗಿ ಬಂದವು. ಈ ಕಡೆಯಿಂದ ಫೋರ್ಡ್ ಟೆರಿಟರಿ ಅನ್ನುವ ದೊಡ್ಡ ಗಾಡಿಯನ್ನು ಅಲ್ಲಿಗೆ ಕಳಿಸಬೇಕು ಅಂದುಕೊಂಡರೆ, ಸುಂಕ ಇಲ್ಲ, ಆದರೆ ದೊಡ್ಡ ಎಂಜಿನ್ ಗಾಡಿಗಳ ಮೇಲೆ ಅಲ್ಲಿನ ಸರ್ಕಾರದ ಒಳ ತೆರಿಗೆ ಬಲವಾಗಿತ್ತು. ಮುಂಬಾಗಿಲು ತೆಗೆದಿತ್ತು, ಪಡಸಾಲೆಯ ಬಾಗಿಲಿಗೆ ಚಿಲಕ. ಮುಕ್ತ ವ್ಯಾಪಾರ ಅನ್ನುವ ಹೆಸರಿನ ಎಲ್ಲ ಕಾಗದವೂ ಎರಡು ಕಡೆಗೂ ಒಂದೇ ಸಮ ಮುಕ್ತವಲ್ಲ ಅನ್ನುವುದನ್ನು ಮಕ್ಕಳು ನೆನಪಿಟ್ಟುಕೊಳ್ಳಬೇಕು.

ಸರ್ಕಾರ ಕೈಕಟ್ಟಿ ಕೂತಿರಲಿಲ್ಲ. ಸುಂಕ ಇಳಿಸಿದ ಮೇಲೆ ನೇರವಾಗಿ ಹಣ ಕೊಟ್ಟಿತು. ಅಲ್ಲಿ ಪ್ರೊಡಕ್ಟಿವಿಟಿ ಕಮಿಷನ್ ಅಂತ ಒಂದು ಸರ್ಕಾರಿ ಆಯೋಗ ಇದೆ, ಇಂಥ ಲೆಕ್ಕ ತೆಗೆಯುವುದೇ ಅದರ ಕೆಲಸ. ಅದು 2014ರ ವರದಿಯಲ್ಲಿ ಹೇಳಿದ ಪ್ರಕಾರ 1997ರಿಂದ 2012ರವರೆಗೆ ಕಾರು ಉದ್ಯಮಕ್ಕೆ ಸುಂಕ ಮತ್ತು ಸಹಾಯಧನ ಎಲ್ಲ ಸೇರಿ ಸಿಕ್ಕ ಬೆಂಬಲ ಸುಮಾರು 3,000 ಕೋಟಿ ಡಾಲರ್. ಇಷ್ಟಾದರೂ ಮೂರು ಕಂಪನಿಗಳಲ್ಲಿ ಒಂದಕ್ಕೂ ಸಾಕಷ್ಟು ದೊಡ್ಡ ಪ್ರಮಾಣ ಬರಲಿಲ್ಲ. ಲಾಭಕ್ಕೆ ವರ್ಷಕ್ಕೆ ಎರಡು ಮೂರು ಲಕ್ಷ ಕಾರು ಮಾಡುವ ಕಾರ್ಖಾನೆ ಬೇಕು. ಇವರದು ಒಂದೊಂದೂ ಒಂದು ಲಕ್ಷದ ಆಸುಪಾಸು ಅಥವಾ ಅದಕ್ಕಿಂತ ಕಡಿಮೆ. ವರ್ಷಕ್ಕೆ 11 ಲಕ್ಷ ಗಾಡಿ ಮಾರಾಟವಾಗುವ ಆ ಮಾರುಕಟ್ಟೆಯಲ್ಲಿ ಆಗ 60ಕ್ಕೂ ಹೆಚ್ಚು ಬ್ರಾಂಡುಗಳು ಕಿತ್ತಾಡುತ್ತಿದ್ದವು.

2013ರ ಮೇ ತಿಂಗಳಲ್ಲಿ ಫೋರ್ಡ್, ಮೂರು ವರ್ಷದ ನಂತರ ನಿಲ್ಲಿಸುತ್ತೇವೆ ಅಂದಿತು. ಡಿಸೆಂಬರಿನಲ್ಲಿ ಹೋಲ್ಡನ್ ಮುಖ್ಯಸ್ಥರು ಆಯೋಗದ ಮುಂದೆ, ಇಲ್ಲಿ ಕಾರು ಮಾಡಿದರೆ ಒಂದೊಂದಕ್ಕೆ 3,750 ಡಾಲರ್ ಹೆಚ್ಚು ಬೀಳುತ್ತದೆ ಅಂತ ಹೇಳಿದರು. ಅದೇ ದಿನ ಸಂಸತ್ತಿನಲ್ಲಿ ಹಣಕಾಸು ಮಂತ್ರಿ ಜೋ ಹಾಕಿ, ಇರುತ್ತೀರೋ ಹೋಗುತ್ತೀರೋ ಹೇಳಿಬಿಡಿ ಅನ್ನುವ ಧಾಟಿಯಲ್ಲಿ ಸವಾಲು ಹಾಕಿದರು. ಮಾರನೇ ದಿನ, ಡಿಸೆಂಬರ್ 11ರಂದು, ಹೋಗುತ್ತೇವೆ ಅನ್ನುವ ಉತ್ತರ ಬಂತು. ಎರಡು ತಿಂಗಳಲ್ಲಿ, 2014ರ ಫೆಬ್ರವರಿ 10ರಂದು ಟೊಯೋಟ ಕೂಡ ಹೇಳಿತು. ಇದು ಆಗಲೇಬೇಕಿತ್ತು. ಬಿಡಿಭಾಗ ಮಾಡುವ ಸಣ್ಣ ಕಾರ್ಖಾನೆಗಳು ಮೂರು ಗಿರಾಕಿಗಳನ್ನು ನಂಬಿ ಬದುಕಿರುತ್ತವೆ. ಇಬ್ಬರು ಹೋದರೆ ಮೂರನೆಯವನೊಬ್ಬನಿಂದ ಅವು ಉಳಿಯುವುದಿಲ್ಲ. ಅವು ಹೋದರೆ ಮೂರನೆಯವನೂ ಉಳಿಯುವುದಿಲ್ಲ. ರೀಲರ್ ಹೋದರೆ ಗೂಡು ಬೆಳೆಯುವವನು ಏನು ಮಾಡಬೇಕು? ಹಾಗೆ.

ಫೋರ್ಡ್ 2016ರ ಅಕ್ಟೋಬರ್ 7ರಂದು ನಿಂತಿತು. ಟೊಯೋಟ 2017ರ ಅಕ್ಟೋಬರ್ 3ರಂದು. ಹೋಲ್ಡನ್ ಅದೇ ತಿಂಗಳ 20ರಂದು. ಅಲ್ಲಿಗೆ ಒಂದು ದೇಶದಲ್ಲಿ ಕಾರು ಮಾಡುವ ಕಸುಬು ಮುಗಿಯಿತು. 2020ರಲ್ಲಿ ಹೋಲ್ಡನ್ ಅನ್ನುವ ಹೆಸರನ್ನೂ ತೆಗೆಯುವುದಾಗಿ ಪ್ರಕಟಿಸಿದರು.

ನಾನಿದ್ದ ಬಿಡಿಭಾಗದ ಕಾರ್ಖಾನೆಯ ಉಗ್ರಾಣದಲ್ಲಿ ಒಬ್ಬ ಹಿರಿಯರಿದ್ದರು. ಇಟಲಿಯಿಂದ ಹುಡುಗನಾಗಿದ್ದಾಗ ಬಂದವರು, ಮೂವತ್ತೊಂದು ವರ್ಷದ ಸರ್ವಿಸ್. ಯಾವ ಅಚ್ಚು ಯಾವ ಕಪಾಟಿನಲ್ಲಿದೆ ಅಂತ ನಮ್ಮ ಕಂಪ್ಯೂಟರಿಗಿಂತ ಅವರಿಗೆ ಚೆನ್ನಾಗಿ ಗೊತ್ತಿತ್ತು. ದಾಖಲೆಯಲ್ಲಿ ತಪ್ಪಿದ್ದರೆ ಅವರನ್ನೇ ಕೇಳುತ್ತಿದ್ದೆ. ಒಂದು ದಿನವೂ ಅವರು ಬೇಸರದಿಂದ ಉತ್ತರ ಕೊಡಲಿಲ್ಲ. ಅವರ ಕೆಲಸ ಕಳೆಯುವ ಪಟ್ಟಿಯನ್ನು ಸರಿಯಾಗಿ ಬರೆಯಲು ಅವರೇ ನನಗೆ ಸಹಾಯ ಮಾಡಿದರು. ಕೊನೆಯ ವಾರ ನಾನು ಸಂಕೋಚದಿಂದ ಅದನ್ನು ಹೇಳಿದೆ. ಅವರು, "ನೀನು ಮಾಡದಿದ್ದರೆ ಇನ್ನೊಬ್ಬ ಮಾಡುತ್ತಿದ್ದ, ನೀನು ಕೇಳಿ ಮಾಡುತ್ತೀಯಲ್ಲ" ಅಂದರು. ಆಮೇಲೆ ಕೇಳಿದರು, "ನಿಮ್ಮಪ್ಪ ಏನು ಮಾಡುತ್ತಾರೆ?"

ರೇಷ್ಮೆ ಬೆಳೆಗಾರ ಅಂದೆ. ಹೇಳಿದ ಮೇಲೆ ಮುಂದೆ ಮಾತು ಹೊರಡಲಿಲ್ಲ. ಯಾಕೆ ಅಂತ ನಿಮಗೆ ಹೇಳಬೇಕು.

2011ರ ಕೇಂದ್ರ ಬಜೆಟ್ಟಿನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ. 30ರಿಂದ ಶೇ. 5ಕ್ಕೆ ಇಳಿಸಿದರು. ನೇಯುವವರಿಗೆ ನೂಲು ಅಗ್ಗವಾಗಲಿ ಅನ್ನುವುದು ಉದ್ದೇಶ. ಆ ಉದ್ದೇಶವೂ ಸುಳ್ಳಲ್ಲ, ಮಗ್ಗದವರೂ ಬಡವರೇ. ಆದರೆ ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ಆ ವರ್ಷ ಏನಾಯಿತು ಅಂತ ಇಲ್ಲಿ ಕೂತವರಿಗೆ ನಾನು ಹೇಳಬೇಕಾಗಿಲ್ಲ. ನಮ್ಮಪ್ಪ ತಂದ ಚೀಟಿಯಲ್ಲಿ ಹಿಂದಿನ ಬೆಳೆಯ ಅರ್ಧದಷ್ಟು ದರವೂ ಇರಲಿಲ್ಲ. ನಾಲ್ಕು ಜ್ವರ ದಾಟಿಸಿ, ರಾತ್ರಿ ಎದ್ದು ಸೊಪ್ಪು ಹಾಕಿ, ಹುಳ ಹಣ್ಣಾಗಿ ಚಂದ್ರಿಕೆಗೆ ಬಿಟ್ಟ ಮೇಲೆ, ಬಸ್ ಚಾರ್ಜು, ಕೂಲಿ ಕಳೆದರೆ ಕೈಗೆ ಏನೂ ಉಳಿಯಲಿಲ್ಲ. ಅಕ್ಕನ ಮದುವೆಯ ಸಾಲ ತಲೆಯ ಮೇಲಿತ್ತು. ಅಪ್ಪ ಒಂದು ಎಕರೆ ಕಡ್ಡಿ ಕಿತ್ತು ಬಾಳೆ ಹಾಕಿದರು. ಆಮೇಲೆ 2013ರಲ್ಲಿ ಸುಂಕವನ್ನು ಶೇ. 15ಕ್ಕೆ ಏರಿಸಿದರು. ಕಿತ್ತ ಕಡ್ಡಿ ಅಷ್ಟರಲ್ಲಿ ಒಲೆಗೆ ಹೋಗಿತ್ತು.

ನಾನು ಹೇಳಿಕೊಳ್ಳಬೇಕಾದ ಮಾತು ಇದು. ಅಪ್ಪ ಕಡ್ಡಿ ಕಿತ್ತ ಅದೇ ವರ್ಷ ಬೆಂಗಳೂರಿನಲ್ಲಿ ನನಗೆ ಸಂಬಳ ಏರಿತು. ನಮ್ಮ ಸಾಫ್ಟ್‌ವೇರ್ ಕೆಲಸ ಹೊರದೇಶಕ್ಕೆ ಹೋಗುವ ಮಾಲು. ಅಮೆರಿಕ, ಆಸ್ಟ್ರೇಲಿಯಾದವರು ಬಾಗಿಲು ತೆರೆದಿದ್ದರಿಂದ ಅದು ನಡೆಯುತ್ತದೆ. ತೆರೆದ ಬಾಗಿಲಿನಿಂದ ಅಪ್ಪನಿಗೆ ಕಳೆದುಹೋಯಿತು, ಮಗನಿಗೆ ಸಿಕ್ಕಿತು. ಆ ಸಾಲ ತೀರಿಸಿದ್ದು ನನ್ನ ಸಂಬಳ. ಒಂದೇ ಮನೆಯಲ್ಲಿ ಜಾಗತೀಕರಣ ವರವೂ ಆಯಿತು, ಶಾಪವೂ ಆಯಿತು. ನಮ್ಮ ಮನೆಯಲ್ಲಿ ಲೆಕ್ಕ ಸರಿಹೋಯಿತು, ಯಾಕೆಂದರೆ ಇಬ್ಬರೂ ಒಂದೇ ಸೂರಿನಡಿ ಇದ್ದೆವು. ಮಗ ಇಂಜಿನಿಯರ್ ಆಗದ ಮನೆಗೆ ಆ ನಷ್ಟ ತುಂಬಿಕೊಟ್ಟವರು ಯಾರು? ಯಾರೂ ಇಲ್ಲ.

ಅರ್ಥಶಾಸ್ತ್ರದ ಪುಸ್ತಕದಲ್ಲಿ ಬರೆದಿರುತ್ತದೆ, ಮುಕ್ತ ವ್ಯಾಪಾರದಿಂದ ದೇಶಕ್ಕೆ ಒಟ್ಟಾರೆ ಲಾಭ, ಗೆದ್ದವರು ಸೋತವರಿಗೆ ತುಂಬಿಕೊಟ್ಟರೂ ಇನ್ನೂ ಮಿಗುತ್ತದೆ ಅಂತ. ಲೆಕ್ಕ ತಪ್ಪಲ್ಲ. ಆದರೆ ತುಂಬಿಕೊಡಬಹುದು ಅನ್ನುವುದಕ್ಕೂ ತುಂಬಿಕೊಟ್ಟರು ಅನ್ನುವುದಕ್ಕೂ ನಡುವೆ ಒಬ್ಬ ಮನುಷ್ಯನ ಪೂರ್ತಿ ಬದುಕು ಇರುತ್ತದೆ.

ನನಗೂ ಗೋಡೆಯ ಬಿಸಿ ತಟ್ಟಿತು. 2017ರ ಏಪ್ರಿಲಿನಲ್ಲಿ ಆಸ್ಟ್ರೇಲಿಯಾ ಸರ್ಕಾರ ನಮ್ಮಂಥವರು ಕೆಲಸಕ್ಕೆ ಹೋಗುತ್ತಿದ್ದ 457 ವೀಸಾವನ್ನು ರದ್ದು ಮಾಡುವುದಾಗಿ ಹೇಳಿತು. ಅವರ ಕೆಲಸ ಅವರಿಗೇ ಇರಲಿ ಅನ್ನುವ ಮಾತು. ಬಾಡಿಗೆ ಮನೆಯಲ್ಲಿ ನಾವು ನಾಲ್ವರು ಕನ್ನಡದ ಹುಡುಗರು ರಾತ್ರಿಯೆಲ್ಲ ಅದನ್ನೇ ಮಾತಾಡಿದೆವು. ಎಷ್ಟು ಅನ್ಯಾಯ ಅನ್ನಿಸಿತು. ಬೆಳಿಗ್ಗೆ ಕಾರ್ಖಾನೆಗೆ ಹೋಗಿ ಆ ಹಿರಿಯರ ಮುಖ ನೋಡಿದಾಗ, ನನ್ನ ಬಾಯಿಂದ ಅನ್ಯಾಯ ಅನ್ನುವ ಮಾತು ಬರಲಿಲ್ಲ.

ಒಂದು ಭಾನುವಾರ ಫೋನಿನಲ್ಲಿ ಅಪ್ಪನಿಗೆ ಟೊಯೋಟ ಮುಚ್ಚುವ ವಿಷಯ ಹೇಳಿದೆ. ಅವರು, "ಅಲ್ಲ ಕಣೋ, ಅದೇ ಕಂಪನಿ ಇಲ್ಲಿ ಬಿಡದೀಲಿ ನಡೀತಾ ಐತಲ್ಲ? ನಮ್ಮ ಪಕ್ಕದ ಮನೆ ಹುಡುಗ ಅಲ್ಲೇ ಹೋಗ್ತಾನೆ" ಅಂದರು. ಸರಿಯಾದ ಪ್ರಶ್ನೆ. ಬಿಡದಿಯಲ್ಲಿ 1999ರಿಂದ ಗಾಡಿ ತಯಾರಾಗುತ್ತಿವೆ, ಅದೇ ಕ್ಯಾಮ್ರಿ ಕೂಡ ಅಲ್ಲಿ ಜೋಡಣೆಯಾಗಿದೆ. ಇಲ್ಲಿ ಕೊಳ್ಳುವ ಜನ ಹೆಚ್ಚು, ಸಂಬಳ ಕಡಿಮೆ. ಅಷ್ಟೇ ಅಲ್ಲ, ಆಗ ನಮ್ಮ ದೇಶಕ್ಕೆ ಪೂರ್ತಿ ಕಾರು ತರಿಸಿದರೆ ಶೇ. 60ರಿಂದ 100ರವರೆಗೆ ಸುಂಕ. ಅಂದರೆ ಬಿಡದಿ ನಿಂತಿರುವುದೂ ಒಂದು ಗೋಡೆಯ ನೆರಳಲ್ಲಿ. ರೇಷ್ಮೆಗೆ ಗೋಡೆ ಇಳಿಸಿದ ದೇಶವೇ ಕಾರಿಗೆ ಗೋಡೆ ಉಳಿಸಿಕೊಂಡಿತ್ತು. ಯಾರಿಗೆ ಗೋಡೆ, ಯಾರಿಗೆ ಬಯಲು ಅನ್ನುವುದನ್ನು ಬರೀ ಅರ್ಥಶಾಸ್ತ್ರ ತೀರ್ಮಾನ ಮಾಡುವುದಿಲ್ಲ. ಯಾರ ದನಿ ದೆಹಲಿಗೆ ಕೇಳಿಸುತ್ತದೆ ಅನ್ನುವುದೂ ತೀರ್ಮಾನ ಮಾಡುತ್ತದೆ.

ಹಾಗಾದರೆ ಆಸ್ಟ್ರೇಲಿಯಾ ಸರ್ಕಾರ ಇನ್ನಷ್ಟು ಹಣ ಕೊಟ್ಟು ಕಾರ್ಖಾನೆ ಉಳಿಸಬೇಕಿತ್ತೇ? ಉಳಿಸಬೇಕಿತ್ತು ಅನ್ನುವವರ ವಾದದಲ್ಲಿ ತೂಕ ಇದೆ. ಜರ್ಮನಿ, ಅಮೆರಿಕಗಳೂ ತಮ್ಮ ಕಾರು ಉದ್ಯಮಕ್ಕೆ ಕೈತುಂಬ ಕೊಡುತ್ತವೆ, ನಾವೊಬ್ಬರೇ ಸನ್ಯಾಸಿಯಾದರೆ ಏನು ಬಂತು ಅನ್ನುತ್ತಾರೆ. ಮುಚ್ಚುವುದು ಸುಲಭ, ಮೂರು ತಲೆಮಾರಿನ ಕೈಚಳಕವನ್ನು ಮತ್ತೆ ಕಟ್ಟುವುದು ಆಗದ ಮಾತು ಅನ್ನುತ್ತಾರೆ. ಡಾಲರ್ ಏರಿದ್ದು ನಾಲ್ಕು ವರ್ಷ, ಆಮೇಲೆ ಇಳಿಯಿತು. ಮಳೆಗಾಲಕ್ಕೆ ಹೆದರಿ ಮನೆ ಕೆಡವಿದಂತಾಯಿತು ಅನ್ನುತ್ತಾರೆ.

ಬೇಡ ಅನ್ನುವವರ ವಾದಕ್ಕೂ ತೂಕ ಇದೆ. 3,000 ಕೋಟಿ ಡಾಲರ್ ಅಂದರೆ ಎಷ್ಟು ಶಾಲೆ, ಎಷ್ಟು ಆಸ್ಪತ್ರೆ? ಹಣ ತೆಗೆದುಕೊಂಡ ಕಂಪನಿಗಳ ಒಡೆಯರು ಡೆಟ್ರಾಯಿಟ್, ಜಪಾನಿನಲ್ಲಿ. ಅಲ್ಲಿ ತೀರ್ಮಾನ ಆದ ಮೇಲೆ ಇಲ್ಲಿಯ ತೆರಿಗೆದಾರ ಎಷ್ಟು ಕೊಟ್ಟರೂ ಅವರು ಹೋಗುವ ದಿನ ಮುಂದಕ್ಕೆ ಹೋಗುತ್ತದೆ, ತಪ್ಪುವುದಿಲ್ಲ.

ನಾನು ಅಲ್ಲಿ ಮೂರು ವರ್ಷ ಇದ್ದು ನೋಡಿದ ಮೇಲೆ ನನಗೆ ತಿಳಿದಷ್ಟು ಹೇಳುತ್ತೇನೆ. ಆ ಉದ್ಯಮವನ್ನು ಹಾಗೆಯೇ ಉಳಿಸಲು ಆಗುತ್ತಿರಲಿಲ್ಲ ಅನ್ನಿಸುತ್ತದೆ. ಚಿಕ್ಕ ಮಾರುಕಟ್ಟೆ, ಮೂರು ಕಾರ್ಖಾನೆ, ಹೊರಗಿನ ಒಡೆಯರು. ಆದರೆ ಸಹಾಯ ಕೊಟ್ಟ ರೀತಿ ತಪ್ಪಿತ್ತು. ಹಣ ಕಂಪನಿಗೆ ಹೋಯಿತು. ಕಂಪನಿಗೆ ಕಾಲಿದೆ, ಎದ್ದು ಹೋಗುತ್ತದೆ. ಮನುಷ್ಯನಿಗೆ ಮನೆ ಇದೆ, ಮಕ್ಕಳ ಶಾಲೆ ಇದೆ, ವಯಸ್ಸಾದ ತಾಯಿ ಇದ್ದಾರೆ, ಅವನು ಹೋಗಲಾರ. ಅಡಿಲೇಡಿನ ಮಿತ್ಸುಬಿಷಿ ಮುಚ್ಚಿದ ಮೇಲೆ ಅಲ್ಲಿನ ಫ್ಲಿಂಡರ್ಸ್ ವಿಶ್ವವಿದ್ಯಾಲಯದ ಸಂಶೋಧಕರು ಕೆಲಸ ಕಳೆದುಕೊಂಡವರ ಹಿಂದೆ ಹೋಗಿ ವಿಚಾರಿಸಿದರು. ಸುಮಾರು ಮೂರನೇ ಒಂದು ಭಾಗದವರಿಗಷ್ಟೇ ಪೂರ್ಣಾವಧಿ ಕೆಲಸ ಸಿಕ್ಕಿತ್ತು. ಉಳಿದವರಲ್ಲಿ ಕೆಲವರಿಗೆ ಚೂರುಪಾರು ಕೆಲಸ, ಕೆಲವರಿಗೆ ಅದೂ ಇಲ್ಲ.

ಒಳ್ಳೆಯದೂ ನೋಡಿದೆ. ಮುಚ್ಚುವ ದಿನ ಮೂರು ವರ್ಷ ಮೊದಲೇ ಗೊತ್ತಿತ್ತು. ಟೊಯೋಟದವರು ಕಾರ್ಖಾನೆಯ ಒಳಗೇ ಬೇರೆ ಕಸುಬು ಕಲಿಸುವ ವ್ಯವಸ್ಥೆ ಮಾಡಿದ್ದರು. ವೆಲ್ಡಿಂಗ್ ಮಾಡುತ್ತಿದ್ದವರು ಬೇರೆ ಸರ್ಟಿಫಿಕೇಟು ತೆಗೆದುಕೊಂಡರು. ಗೀಲಾಂಗಿಗೆ ಸರ್ಕಾರ ಅಂಗವಿಕಲರ ರಾಷ್ಟ್ರೀಯ ವಿಮಾ ಯೋಜನೆಯ ಕೇಂದ್ರ ಕಚೇರಿಯನ್ನೇ ತಂದಿಟ್ಟಿತು. ಫೋರ್ಡ್ ಕಾರ್ಖಾನೆ ಹೋದರೂ ವಿನ್ಯಾಸ ಮಾಡುವ ಇಂಜಿನಿಯರುಗಳು ಅಲ್ಲೇ ಉಳಿದರು. ಇವತ್ತು ರೇಂಜರ್ ಗಾಡಿಯ ವಿನ್ಯಾಸ ಮೆಲ್ಬರ್ನ್ ಕಡೆ ಆಗುತ್ತದೆ, ಗಾಡಿ ಥಾಯ್ಲೆಂಡಿನಲ್ಲಿ ಆಗುತ್ತದೆ. ಆಯೋಗ 40,000 ಜನರವರೆಗೆ ಕೆಲಸ ಕಳೆದುಕೊಳ್ಳಬಹುದು ಅಂದಿತ್ತು. ಒಂದು ದಿನದಲ್ಲಿ ಬಿರುಗಾಳಿ ಹೊಡೆದ ಹಾಗೆ ಆಗಲಿಲ್ಲ, ಹಂತ ಹಂತವಾಗಿ ಆಯಿತು. ಮೂರು ವರ್ಷದ ಮುನ್ಸೂಚನೆಗೆ ಎಷ್ಟು ಬೆಲೆ ಇದೆ ಅಂತ, ಒಂದು ಬೆಳಿಗ್ಗೆ ಬಜೆಟ್ ಭಾಷಣ ಕೇಳಿ ಸಂಜೆಗೆ ಗೂಡಿನ ದರ ಬಿದ್ದದ್ದನ್ನು ಕಂಡ ನಮಗೆ ಗೊತ್ತು.

ಹಾಗಾಗಿ ನನ್ನ ಉತ್ತರ ಇಷ್ಟು. ಗೋಡೆ ಕಟ್ಟುವುದಾದರೆ ಅದನ್ನು ಯಾವಾಗ ಇಳಿಸುತ್ತೇವೆ ಅಂತ ತಾರೀಖು ಹಾಕಿ ಕಟ್ಟಬೇಕು. ಇಳಿಸುವುದಾದರೆ ಮೆಟ್ಟಿಲು ಮೆಟ್ಟಿಲಾಗಿ, ಮುಂಚೆ ಹೇಳಿ ಇಳಿಸಬೇಕು. ಸಹಾಯ ಕೊಡುವುದಾದರೆ ಕಂಪನಿಗಿಂತ ಮೊದಲು ಕೈಗಳಿಗೆ ಕೊಡಬೇಕು. ಹೊಸ ತಳಿ, ಹೊಸ ಯಂತ್ರ, ಹೊಸ ಕಸುಬು, ಅಷ್ಟು ದಿನದ ಅನ್ನ. ಗೋಡೆಯೊಳಗಿರುವ ನಾವೂ ನಿದ್ದೆ ಮಾಡಬಾರದು. ದ್ವಿತಳಿ ಗೂಡು ಬೆಳೆದವರು, ಆಟೋಮ್ಯಾಟಿಕ್ ರೀಲಿಂಗ್ ಹಾಕಿದವರು ನಮ್ಮ ಸುತ್ತಮುತ್ತ ಇದ್ದಾರೆ. ಗುಣಮಟ್ಟದಲ್ಲಿ ಚೀನಾ ನೂಲಿಗೆ ಎದುರು ನಿಂತಿದ್ದಾರೆ. ಅವರನ್ನು ಈ ಶಾಲೆಗೂ ಒಂದು ದಿನ ಕರೆಸಿ ಮಾತಾಡಿಸಿ ಅಂತ ಗುರುಗಳಲ್ಲಿ ಕೇಳಿಕೊಳ್ಳುತ್ತೇನೆ. ನನ್ನಂಥ ಸಾಫ್ಟ್‌ವೇರಿನವರಿಗಿಂತ ಅವರ ಮಾತು ಮಕ್ಕಳಿಗೆ ಹೆಚ್ಚು ಬೇಕು.

ಮಕ್ಕಳಿಗೆ ಒಂದು ಮಾತು. ಸಾಫ್ಟ್‌ವೇರ್ ಕೆಲಸ ಶಾಶ್ವತ ಅಂದುಕೊಳ್ಳಬೇಡಿ. ಹೋಲ್ಡನ್ ಕಾರ್ಖಾನೆಗೆ ಸೇರಿದ ಹುಡುಗನೂ ಹಾಗೆಯೇ ಅಂದುಕೊಂಡಿದ್ದ. ನಾಳೆ ನನ್ನ ಕೆಲಸದ ಪಟ್ಟಿಯನ್ನೂ ಯಾರೋ ಒಬ್ಬ ಬರೆಯಬಹುದು, ಅಥವಾ ಒಂದು ಯಂತ್ರ ಬರೆಯಬಹುದು. ಒಂದು ಕಸುಬನ್ನು ಆಳವಾಗಿ ಕಲಿಯಿರಿ, ಇನ್ನೊಂದನ್ನು ಕಲಿಯುವ ಧೈರ್ಯ ಇಟ್ಟುಕೊಳ್ಳಿ. ಅಗ್ಗದ ಮಾಲು ಕೈಗೆ ಬಂದಾಗ, ಇದು ಯಾರಿಗೆ ಲಾಭ, ಯಾರಿಗೆ ನಷ್ಟ ಅಂತ ಎರಡೂ ಕಡೆ ನೋಡಿ ಕೇಳಿ. ನಮ್ಮ ಮೇಷ್ಟ್ರು ಚರ್ಚಾ ಸ್ಪರ್ಧೆ ಇಟ್ಟದ್ದು ಬಹುಶಃ ಅದಕ್ಕೇ. ನನಗೆ ಅರ್ಥವಾಗಲು ಹದಿನೈದು ವರ್ಷ ಹಿಡಿಯಿತು.

ಕಾರ್ಖಾನೆಯ ಕೊನೆಯ ದಿನ ನಾನು ಕಂಪ್ಯೂಟರಿನಲ್ಲಿ ಕೊನೆಯ ಪಟ್ಟಿ ತೆಗೆದೆ. ಎಲ್ಲ ಸಾಲಿನಲ್ಲೂ ದಾಸ್ತಾನು ಸೊನ್ನೆ ಬರಬೇಕಿತ್ತು. ಒಂದು ಸಾಲಿನಲ್ಲಿ ಮಾತ್ರ ಒಂದು ಅಂತ ತೋರಿಸುತ್ತಿತ್ತು, ಒಂದು ಬಾಗಿಲಿನ ಹಿಡಿ. ಹುಡುಕಿದರೆ ಎಲ್ಲೂ ಇಲ್ಲ. ಆ ಹಿರಿಯರು ತಮ್ಮ ಊಟದ ಚೀಲ ತೆರೆದು ತೋರಿಸಿದರು. ತಾವು ಸೇರಿದ ವರ್ಷ ಮಾಡುತ್ತಿದ್ದ ಮಾದರಿಯದಂತೆ. ಮೇಲಿನವರನ್ನು ಕೇಳಿದೆ, ಅವರು ತೆಗೆದುಕೊಂಡು ಹೋಗಲಿ ಬಿಡಿ ಅಂದರು. ನಾನು ಆ ಸಾಲನ್ನೂ ಸೊನ್ನೆ ಮಾಡಿದೆ.

ನನಗೆ ಅಕ್ಷರ ಕೊಟ್ಟ ಈ ಶಾಲೆ ನೂರು ವರ್ಷ ಕಾಣಲಿ.  ಮೊದಲ ಬಹುಮಾನ ಗೆದ್ದ ಗೆಳತಿ ಇನ್ನೂ ಒಪ್ಪದಿದ್ದರೆ ಊಟಕ್ಕೆ ಕೂತಾಗ ಚರ್ಚೆ ಮುಂದುವರಿಸೋಣ.